ಗಾದಿಲಿಂಗಪ್ಪ ಸಾರಿ ಕೇಳಿದ್ದು

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತೊಂದು ವರ್ಷ ಹಮಾಲಿ ಮಾಡಿದ ಗಾದಿಲಿಂಗಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲೋಡು, ಬಿಲ್ಲು, ಲೂಸು, ಟೈಟು, ರಿವರ್ಸು, ಹೀಗೆ ದಿನಕ್ಕೆ ಮೂವತ್ತು ನಲವತ್ತು ಇಂಗ್ಲಿಷ್ ಮಾತು ಅವನ ಬಾಯಲ್ಲಿ ಸಲೀಸಾಗಿ ಓಡಾಡುತ್ತವೆ. ಅವು ಇಂಗ್ಲಿಷ್ ಎಂಬುದು ಮಾತ್ರ ಅವನಿಗೆ ಗೊತ್ತಿಲ್ಲ. ಎಲ್ಲವೂ ಹೇಳಿದ ಹಾಗೆ ಕೇಳುವ ಮಾತುಗಳು. ರಿವರ್ಸು ಅಂದರೆ ಲಾರಿ ಹಿಂದಕ್ಕೆ ಬರುತ್ತದೆ, ಟೈಟು ಅಂದರೆ ಹಗ್ಗ ಬಿಗಿಯಾಗುತ್ತದೆ. ಅರವತ್ತರ ಹತ್ತಿರಕ್ಕೆ ಬಂದಾಗ ಒಂದೇ ಒಂದು ಮಾತು ಅವನಿಗೆ ಕೈ ಕೊಟ್ಟಿತು. ಅದು ಸಾರಿ. ಆ ಮಾತನ್ನು ಅವನು ಆಡಿದ, ಆಡಿದ ಮೇಲೆ ಇದ್ದದ್ದೂ ಕೆಟ್ಟಿತು.

ಹಮಾಲಿ ಎಂದರೆ ಬೆನ್ನ ಮೇಲೆ ಚೀಲ ಹೊರುವ ಕೆಲಸ ಎಂದು ಹೊರಗಿನವರು ತಿಳಿದಿರುತ್ತಾರೆ. ಅದು ಅರ್ಧ ನಿಜ. ಚೀಲ ತಾನಾಗಿ ಬೆನ್ನು ಏರುವುದಿಲ್ಲ, ಇನ್ನೊಬ್ಬ ಏರಿಸಬೇಕು. ಹೊರುವವನು ಚೀಲಕ್ಕೆ ಬೆನ್ನು ಮಾಡಿ ಬಾಗಿ ನಿಂತು, ಕೈಗಳನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ ಚೀಲದ ಎರಡು ಮೂಲೆ ಹಿಡಿಯುತ್ತಾನೆ. ಎತ್ತುವವನು ತಳಕ್ಕೆ ಕೈ ಕೊಟ್ಟು ಮೇಲಕ್ಕೆ ನೂಕುತ್ತಾನೆ. ಹೊರುವವನಿಗೆ ಹಿಂದೆ ನಡೆಯುವುದು ಒಂದೂ ಕಾಣುವುದಿಲ್ಲ. ಅದಕ್ಕೇ ಎತ್ತುವವನು ಕೊನೆಗೆ 'ಹೂಂ' ಅನ್ನಬೇಕು. ಚೀಲ ಸರಿಯಾಗಿ ಕೂತಿದೆ, ನಾನು ಕೈ ಬಿಡುತ್ತಿದ್ದೇನೆ, ಇನ್ನು ಭಾರ ನಿನ್ನದು ಎಂಬ ಇಷ್ಟೂ ಮಾತು ಆ ಒಂದು ಹೂಂನಲ್ಲಿ ಇರುತ್ತದೆ. ಹೂಂ ಅನ್ನದೆ ಕೈ ಬಿಡುವವನ ಜೊತೆ ಯಾರೂ ಜೋಡಿ ಕಟ್ಟುವುದಿಲ್ಲ.

ಗಾದಿಲಿಂಗಪ್ಪನ ಜೋಡಿ ಹುಸೇನಪ್ಪ. ಮೊಹರಮ್ಮಿನ ಪೀರಲ ದೇವರಿಗೆ ಹರಕೆ ಹೊತ್ತು ಹೆತ್ತ ಮಗನೆಂದು ಅವನ ತಾಯಿ ಇಟ್ಟ ಹೆಸರು ಅದು. ಇಬ್ಬರೂ ಒಂದೇ ವರ್ಷ ಗಿರಣಿಗೆ ಸೇರಿದವರು. ಹತ್ತು ಚೀಲ ಇವನು ಹೊತ್ತರೆ ಮುಂದಿನ ಹತ್ತು ಅವನು. ಮೂವತ್ತೊಂದು ವರ್ಷದಲ್ಲಿ ಎಷ್ಟು ಚೀಲ ಆಗಿರಬಹುದೆಂದು ಕೇಳಿದರೆ ಇಬ್ಬರೂ ನಗುತ್ತಿದ್ದರು. ಬೇಸಿಗೆಯಲ್ಲಿ ಒಂದೇ ಚರಿಗೆ ನೀರು, ಮಧ್ಯಾಹ್ನ ಒಂದೇ ಬಟ್ಟೆ ಹಾಸಿ ಎರಡು ಮನೆಯ ರೊಟ್ಟಿ. ಜಗಳವಾಡದ ದಿನವಿರಲಿಲ್ಲ, ಆದರೆ ಜಗಳಕ್ಕೂ ಒಬ್ಬರಿಗೆ ಇನ್ನೊಬ್ಬರೇ ಬೇಕಿತ್ತು. ಗಾದಿಲಿಂಗಪ್ಪನಿಗೆ ಹುಸೇನಪ್ಪನನ್ನು ಕಂಡರೆ ಪ್ರೀತಿ ಇತ್ತೆಂದು ಬರೆದರೆ ಅವನೇ ನಾಚಿಕೊಂಡಾನು. ಆದರೂ ಇತ್ತು, ಭಾಳ ಇತ್ತು.

ಇನ್ನು ಸಾರಿಯ ಕಥೆ. ಆ ಮಾತು ಅವನ ಕಿವಿಗೆ ಮೊದಲು ಬಿದ್ದದ್ದು ಹಂಪಿಯಲ್ಲಿ, ಮದುವೆಯಾದ ಹೊಸತರಲ್ಲಿ. ಹೆಂಡತಿ ಪಂಪಮ್ಮನನ್ನು ಕರೆದುಕೊಂಡು ವಿರೂಪಾಕ್ಷನ ಗುಡಿಗೆ ಹೋಗಿದ್ದಾಗ ಬಾಗಿಲಿನ ನೂಕುನುಗ್ಗಲಲ್ಲಿ ಪರದೇಶದ ಹೆಂಗಸೊಬ್ಬಳು ಅವನ ಹೆಬ್ಬೆರಳು ತುಳಿದಳು. ತುಳಿದವಳು ಎದೆಯ ಮೇಲೆ ಕೈ ಇಟ್ಟುಕೊಂಡು ಎರಡು ಸಲ ಸಾರಿ ಅಂದಳು. ಅದು ಅವರ ಕಡೆಯ ನಮಸ್ಕಾರವಿರಬೇಕೆಂದು ಇವನೂ ಕೈ ಜೋಡಿಸಿದ. ನಮ್ಮಲ್ಲಿ ಕಾಲು ತಾಗಿದರೆ ಮಾತಿಲ್ಲ. ತಾಗಿದವರನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರೆ ಮುಗಿಯಿತು. ದೊಡ್ಡ ತಪ್ಪಾಗಿದ್ದರೆ ಹಿರಿಯರ ಮುಂದೆ ಕೂತು, ಆದದ್ದನ್ನು ಬಾಯಿಬಿಟ್ಟು ಹೇಳಿ, ತಪ್ಪಾಯಿತು ಅನ್ನಬೇಕಿತ್ತು. ಆಮೇಲೆ ಇಬ್ಬರಿಗೂ ಒಂದೇ ಗಂಗಾಳದಲ್ಲಿ ಉಣಿಸುತ್ತಿದ್ದರು. ಈ ಎರಡರ ನಡುವಿನ ಸಣ್ಣಪುಟ್ಟದ್ದಕ್ಕೆಲ್ಲ ಮಾರನೆಯ ದಿನ ಮಾತಾಡಿಸಿಬಿಟ್ಟರೆ ಸಾಕಾಗುತ್ತಿತ್ತು.

ಈಗ ನೋಡಿ, ಊರಿಡೀ ಸಾರಿ. ಬಸ್ಸು ತಡವಾದರೆ ಕಂಡಕ್ಟರ್ ಸಾರಿ ಅನ್ನುತ್ತಾನೆ, ಅನ್ನುತ್ತಲೇ ಸೀಟಿ ಊದುತ್ತಾನೆ. ಆಸ್ಪತ್ರೆಯ ಚೀಟಿ ಬರೆಯುವವಳು ಸಾರಿ, ಡಾಕ್ಟರ್ ಇಲ್ಲ ಅನ್ನುತ್ತಾಳೆ. ಹೆಣ್ಣು ನೋಡಿ ಹೋದವರು ಒಂದು ವಾರದ ಮೇಲೆ ಫೋನಿನಲ್ಲಿ ಸಾರಿ ಅನ್ನುತ್ತಾರೆ, ಇತ್ತ ಹೆಣ್ಣಿನ ತಾಯಿ ಮೂರು ದಿನ ಒಲೆ ಹಚ್ಚುವುದಿಲ್ಲ. ಮೊನ್ನೆ ಗಿರಣಿಯ ಮುಂದೆ ಒಬ್ಬ ಬೈಕಿನವನು ಆಕಳಿಗೆ ತಾಗಿಸಿ ಆಕಳಿಗೇ ಸಾರಿ ಅಂದು ಹೋದ. ಹೆಬ್ಬೆರಳು ತುಳಿದದ್ದಕ್ಕೂ ಅದೇ, ಮನೆ ಮುರಿದದ್ದಕ್ಕೂ ಅದೇ. ಎಲ್ಲರೂ ಅನ್ನುತ್ತಾರೆ, ಯಾರೂ ನಿಂತು ಕೇಳಿಸಿಕೊಳ್ಳುವುದಿಲ್ಲ. ಗಾದಿಲಿಂಗಪ್ಪ ಇದನ್ನೆಲ್ಲ ನೋಡುತ್ತಿದ್ದ, ತಲೆಗೆ ಹಚ್ಚಿಕೊಂಡಿರಲಿಲ್ಲ. ತಾನು ಅನ್ನಬೇಕಾದ ದಿನ ಬರುತ್ತದೆಂದು ಅವನು ಎಣಿಸಿರಲೂ ಇಲ್ಲ.

ಆ ದಿನ ಬಂದದ್ದು ಹೊಸ ಭತ್ತದ ಸುಗ್ಗಿಯಲ್ಲಿ. ಬೆಳಿಗ್ಗೆಯಿಂದ ಎರಡು ಲಾರಿ ತುಂಬಿಸಿ ಮೂರನೆಯದಕ್ಕೆ ಹತ್ತುವ ಹಲಗೆ ಹಚ್ಚಿದ್ದರು. ಹುಸೇನಪ್ಪ ಹೊರುವ ಸರದಿ, ಗಾದಿಲಿಂಗಪ್ಪ ಎತ್ತುವ ಸರದಿ. ಏಳನೆಯ ಚೀಲವೋ ಎಂಟನೆಯದೋ ಬೆನ್ನಿಗೇರುವಾಗ ಏನೋ ಆಯಿತು. ಚೀಲ ವಾರೆಯಾಗಿ ಕೂತಿತು, ಹುಸೇನಪ್ಪನ ಮೊಣಕಾಲು ಮಡಚಿತು, ಅವನು ಹಲಗೆಯ ಬುಡದಲ್ಲಿ ಬಿದ್ದ. ಚೀಲ ಒಡೆದು ಅಕ್ಕಿ ಚೆಲ್ಲಿತು. ಕೈ ಕಾಲು ಮುರಿಯಲಿಲ್ಲ, ಮೊಣಕಾಲ ಚರ್ಮ ಕಿತ್ತುಬಂತು ಅಷ್ಟೇ. ಸದ್ದಿಗೆ ಗಿರಣಿಯ ಸಾಹುಕಾರ ಲಿಂಗರಾಜ್ ಕಚೇರಿಯಿಂದ ಹೊರಬಂದು ಏನಾಯಿತೆಂದು ಕೇಳಿದ.

ಯಾರಾದರೂ ಬಾಯಿ ತೆರೆಯುವ ಮೊದಲೇ ಗಾದಿಲಿಂಗಪ್ಪ ಅಂದುಬಿಟ್ಟ: "ಇವನ ಕಾಲು ನಿಲ್ಲವಲ್ವು ಸಾವ್ಕಾರ್ರ. ವಯಸ್ಸಾತು. ಇನ್ನ ಹೊರಾಕ ಬಿಡಬ್ಯಾಡ್ರಿ ಇವನ್ನ."

ಲಿಂಗರಾಜ್ ಕೆಟ್ಟವನಲ್ಲ. ಬಿದ್ದವನನ್ನು ತಾನೇ ಎಬ್ಬಿಸಿ ಕೂರಿಸಿದ. "ನಾಳಿಂದ ಚೀಲ ಹೊಲಿಯಾಕ ಕುಂದ್ರು ಹುಸೇನಪ್ಪ, ಹೊರೋದು ಸಾಕು" ಅಂದ. ಮಾತು ಕರುಣೆಯದ್ದೇ. ಆದರೆ ಆ ಗಿರಣಿಯಲ್ಲಿ ತುಂಬಿದ ಚೀಲದ ಬಾಯಿ ಹೊಲಿಯಲು ಕೂರುವುದೆಂದರೆ ಹಮಾಲನ ಲೆಕ್ಕದಿಂದ ಹೊರಗಾದ ಹಾಗೆ. ಹುಸೇನಪ್ಪ ಸಾಹುಕಾರನ ಕಡೆ ನೋಡಲಿಲ್ಲ, ಗಾದಿಲಿಂಗಪ್ಪನ ಕಡೆ ನೋಡಿದ. ಬರೀ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನದಿಂದ ಮಾತು ನಿಂತಿತು. ಪೂರ್ತಿ ನಿಂತಿದ್ದರೂ ತಡೆದುಕೊಳ್ಳಬಹುದಿತ್ತು. ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ಆದರೆ "ಹೌದ್ರಿ", "ಇಲ್ರಿ", "ಅಲ್ಲೇ ಐತಿ ನೋಡ್ರಿ" ಎಂದು ಸಂತೆಯಲ್ಲಿ ಕಂಡ ಪರಸ್ಥಳದವರಿಗೆ ಹೇಳುವ ಹಾಗೆ. ಮಧ್ಯಾಹ್ನದ ರೊಟ್ಟಿ ಗಂಟು ಬಿಚ್ಚಿಕೊಂಡು ಹುಸೇನಪ್ಪ ಬೇವಿನ ಮರದ ಆಚೆ ಬದಿಗೆ ಹೋದ. ಗಾದಿಲಿಂಗಪ್ಪನಿಗೆ ಹನುಮೇಶ ಎಂಬ ಮೂವತ್ತರ ಗಟ್ಟಿ ಆಳು ಜೋಡಿಯಾದ. ಹನುಮೇಶ ಒಳ್ಳೆಯವನು, ಕಿವಿಗೆ ಫೋನಿನ ವೈರು ಸಿಕ್ಕಿಸಿಕೊಂಡೇ ಚೀಲ ಹೊರುತ್ತಿದ್ದ. ಅವನ ಜೊತೆ ಜಗಳವಾಡುವುದಕ್ಕೂ ಆಗುತ್ತಿರಲಿಲ್ಲ.

ಹದಿನೈದು ದಿನ ಗಾದಿಲಿಂಗಪ್ಪ ತನ್ನಷ್ಟಕ್ಕೆ ವಾದ ಮಾಡಿದ. ತಾನು ಹೇಳಿದ್ದರಲ್ಲಿ ಸುಳ್ಳೇನಿದೆ? ಹುಸೇನಿಯ ಮೊಣಕಾಲು ಎರಡು ವರ್ಷದಿಂದ ಕಟಕಟ ಅನ್ನುತ್ತಿದ್ದುದು ಸುಳ್ಳೇ? ಇನ್ನೊಂದು ದಿನ ಹಲಗೆಯ ತುದಿಯಿಂದ ಬಿದ್ದಿದ್ದರೆ ಯಾರು ಹೊಣೆ? ತಾನು ಅವನ ಒಳ್ಳೆಯದಕ್ಕೇ ಅಂದದ್ದು. ವಾದ ಪ್ರತಿ ಸಲ ಇಲ್ಲಿಗೆ ಬಂದು ಗೆಲ್ಲುತ್ತಿತ್ತು. ಗೆದ್ದ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತಿತ್ತು. ಚೀಲ ವಾರೆಯಾಗಿ ಕೂತದ್ದು ಹೇಗೆ? ತಾನು ಹೂಂ ಅಂದಿದ್ದೆನೋ ಇಲ್ಲವೋ? ಅಂದ ನೆನಪಿತ್ತು. ಆದರೆ ಮೂವತ್ತೊಂದು ವರ್ಷದ ಅಷ್ಟೊಂದು ಹೂಂಗಳಲ್ಲಿ ನೆನಪಿದ್ದದ್ದು ಅವತ್ತಿನದೇ ಎಂದು ಹೇಗೆ ಹೇಳುವುದು? ಮೊದಲು ಜಾರಿದ್ದು ಕಾಲೋ, ಕೈಯೋ? ಒಂದು ಚೀಲಕ್ಕೆ ಹತ್ತಿದ್ದ ನಾಲ್ಕು ಕೈಗಳಲ್ಲಿ ಯಾವುದು ಬಿಟ್ಟಿತೆಂದು ಯಾವ ದೇವರು ಹೇಳಬೇಕು? ಯೋಚಿಸಿದಷ್ಟೂ ಕಲಸಿಹೋಗುತ್ತಿತ್ತು. ಕೊನೆಗೆ ಅದನ್ನು ಯೋಚಿಸುವುದನ್ನೇ ಬಿಟ್ಟು, ಮಾತು ಸರಿಮಾಡಿಕೊಳ್ಳುವುದು ಹೇಗೆ ಎಂದು ಯೋಚಿಸಿದ.

ಉಪಾಯ ಹೇಳಿದವಳು ಮೊಮ್ಮಗಳು ಸೌಜನ್ಯ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಐದನೆಯ ಕ್ಲಾಸು.

"ಸಾರಿ ಅನ್ನು ತಾತ, ಆತು. ನಾವೆಲ್ಲ ಹಂಗ ಮಾಡ್ತೀವಿ."

"ಅಂದ್ರ ಏನವ್ವ ಅದು?"

"ಸಾರಿ ಅಂದ್ರ ಸಾರಿ." ಅವಳಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಆದರೆ ಅನ್ನುವ ಕ್ರಮ ಗೊತ್ತಿತ್ತು. ಮುಖ ನೋಡಿ ಅನ್ನಬೇಕು, ನಗಬಾರದು, ದನಿ ಸಣ್ಣಗಿರಬೇಕು, ಅಂದ ಮೇಲೆ ಕೈ ಚಾಚಬೇಕು. ತಾತ ಗೋಡೆಯ ಕಡೆ ತಿರುಗಿ ನಾಲ್ಕು ಸಲ ಅಂದು ನೋಡಿದ. ಒಳಗಿನಿಂದ ಪಂಪಮ್ಮ ಯಾರ ಜೊತೆ ಮಾತಾಡುತ್ತಿದ್ದೀರೆಂದು ಕೇಳಿದ್ದರಿಂದ ಪಾಠ ಅಲ್ಲಿಗೆ ನಿಂತಿತು.

ಮಾರನೆಯ ದಿನ ಚಹಾದ ಹೊತ್ತಿಗೆ ಅವನು ಹೊಲಿಯುವ ಕಟ್ಟೆಗೆ ಹೋದ. ಹುಸೇನಪ್ಪ ದಬ್ಬಣಕ್ಕೆ ಸುತಳಿ ಪೋಣಿಸುತ್ತಿದ್ದ. ಗಾದಿಲಿಂಗಪ್ಪ ಮುಂದೆ ನಿಂತು ಮುಖ ನೋಡಿ, ನಗದೆ, ಸಣ್ಣ ದನಿಯಲ್ಲಿ ಅಂದ: "ಹುಸೇನಿ, ಸಾರಿ."

ಹುಸೇನಪ್ಪ ತಲೆ ಎತ್ತಲಿಲ್ಲ. ಎರಡು ಹೊಲಿಗೆ ಹಾಕಿದ. ಆಮೇಲೆ ಕೇಳಿದ: "ಯಾತಕ್ಕ್ರಿ?"

ಈ ಪ್ರಶ್ನೆ ಬರುತ್ತದೆಂದು ಸೌಜನ್ಯ ಹೇಳಿರಲಿಲ್ಲ. ಹಂಪಿಯ ಹೆಂಗಸಿನಿಂದ ಹಿಡಿದು ಆಕಳಿನವರೆಗೆ ಯಾರೂ ಯಾರನ್ನೂ ಈ ಪ್ರಶ್ನೆ ಕೇಳಿದ್ದನ್ನು ಅವನು ಕಂಡಿರಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು.

"ಅದಕ್ಕ" ಅಂದ.

"ಯಾವದಕ್ಕ್ರಿ?"

"ಅದ... ಅವತ್ತು ಆಗಿದ್ದಕ್ಕ."

"ಆಗಿದ್ದಕ್ಕ ಸಾರಿ ಅನ್ನಾಕ ನೀವೇನು ದೇವರೇನ್ರಿ? ಹೋಗ್ರಿ, ಲಾರಿ ಕಾಯಾಕತ್ತೈತಿ."

ಗಾದಿಲಿಂಗಪ್ಪ ಕೈ ಮಡಚಿಕೊಂಡು ಬಂದ. ಅವತ್ತಿನಿಂದ ಹುಸೇನಪ್ಪನ ಹೌದ್ರಿ ಇಲ್ರಿಗಳೂ ನಿಂತವು.

ಇದೇನು ಮಾತು ಎಂದು ಗಾದಿಲಿಂಗಪ್ಪ ತಲೆ ಕೆಡಿಸಿಕೊಂಡ. ಎಲ್ಲರ ಬಾಯಲ್ಲೂ ನಡೆಯುವ ನಾಣ್ಯ ತನ್ನ ಕೈಯಲ್ಲಿ ಮಾತ್ರ ಯಾಕೆ ನಡೆಯಲಿಲ್ಲ? ತಾನು ಅಂದ ರೀತಿ ತಪ್ಪೋ, ಮಾತೇ ತಪ್ಪೋ, ಕೇಳಿದವನದೇ ತಪ್ಪೋ? ಬಲ್ಲವರನ್ನು ಕೇಳಲು ಶುರುಮಾಡಿದ. ಹೊಸಪೇಟೆ ಬಸ್ಸಿನ ಕಂಡಕ್ಟರ್ ಒಬ್ಬ ಪರಿಚಯದವನಿದ್ದ, ಅವನನ್ನು ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದ. "ಸಾರಿ ಅಂದ್ರ, ಇನ್ನ ನನ್ನ ಕೂಡ ಜಗಳಾಡಬ್ಯಾಡ್ರಿ, ನನಗ ಬ್ಯಾರೆ ಕೆಲಸ ಐತಿ ಅಂತ" ಅಂದ ಅವನು. ಸಾಹುಕಾರನನ್ನು ಕೇಳಿದ. ಲಿಂಗರಾಜ್ ಫೋನಿನಿಂದ ಕಣ್ಣು ತೆಗೆದು, "ಅದೇನಿಲ್ಲಪ್ಪ, ಎದುರಿಗಿನವರಿಗೆ ಬ್ಯಾಸರ ಆಗಬಾರ್ದು ಅಂತ ಅನ್ನೋದು. ತಪ್ಪು ಮಾಡಿರಬೇಕಂತ ಏನಿಲ್ಲ" ಅಂದ. ಇದು ಗಾದಿಲಿಂಗಪ್ಪನಿಗೆ ಹಿತವಾಗಿ ಕೇಳಿಸಿತು, ಒಂದು ಗಳಿಗೆ. ತಪ್ಪು ಮಾಡದೆಯೂ ಅನ್ನಬಹುದಾದರೆ ಹುಸೇನಿ ಯಾತಕ್ಕೆ ಎಂದು ಕೇಳಿದ್ದೇ ಅನ್ಯಾಯ.

ಪಂಪಮ್ಮನನ್ನು ಕೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀವು ನನಗ ಯಾವತ್ತರ ಅಂದೀರೇನು? ನನಗೇನು ಗೊತ್ತು ಅದರ ರುಚಿ."

ನೆನೆಸಿಕೊಂಡರೆ ಅನ್ನಬೇಕಾದ ಸಂದರ್ಭ ನಾಲ್ಕಾರು ಇದ್ದವು, ಅವು ಸಣ್ಣವೂ ಅಲ್ಲ. ಮಾತು ಬದಲಿಸಲು ಚಹಾದ ಗ್ಲಾಸು ಎತ್ತಿಕೊಂಡ. ಗ್ಲಾಸು ಬೆರಳ ಸಂದಿಯಿಂದ ಜಾರಿ ಒಲೆಯ ಕಟ್ಟೆಗೆ ಬಿದ್ದು ಒಡೆಯಿತು.

"ಈ ತಿಂಗಳದಾಗ ಮೂರನೇದು" ಅಂದಳು ಪಂಪಮ್ಮ. ಈಗ ಕೈ ನಿಲ್ಲಿಸಿ ಅವನ ಕಡೆ ತಿರುಗಿದ್ದಳು. "ಕೈಗೇನಾಗೇತಿ ನಿಮಗ?"

"ಏನಾಗಿಲ್ಲ. ಈಗಿನ ಗ್ಲಾಸು ಭಾಳ ನುಣುಪು."

ನುಣುಪಾಗಿದ್ದದ್ದು ಗ್ಲಾಸಲ್ಲ. ಮಳೆಗಾಲದಿಂದಲೂ ಬೆಳಗಿನ ಹೊತ್ತು ಅವನ ಬಲಗೈಯ ಬೆರಳು ಜೋಮು ಹಿಡಿಯುತ್ತಿದ್ದವು. ಒಂದೊಂದು ದಿನ ಮಧ್ಯಾಹ್ನದವರೆಗೂ ಹಿಡಿದದ್ದು ಕೈಯಲ್ಲಿದೆಯೋ ಬಿಟ್ಟುಹೋಗಿದೆಯೋ ತಿಳಿಯುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡಿರಲಿಲ್ಲ ಎಂದರೂ ನಡೆಯುತ್ತದೆ. ಹಮಾಲನ ಕೈ ಹೋಯಿತೆಂದರೆ ಅವನೂ ಹೋದ. ಅದು ಗೊತ್ತಿದ್ದವನು ಕೈ ಜೋಮು ಹಿಡಿದರೆ ಕೊಡವಿಕೊಂಡು, ಚಳಿ ಅಂದುಕೊಂಡು, ಗಿರಣಿಗೆ ಹೋಗುತ್ತಾನೆ.

ಹೀಗೇ ಇನ್ನೊಂದು ವಾರ ಕಳೆಯಿತು. ಒಂದು ಬೆಳಿಗ್ಗೆ ಸಂಡೂರು ಕಡೆಗೆ ಹೋಗುವ ಲಾರಿಗೆ ಲೋಡು ನಡೆದಿತ್ತು. ಹನುಮೇಶ ಬಾಗಿ ನಿಂತಿದ್ದ, ಗಾದಿಲಿಂಗಪ್ಪ ಎತ್ತುತ್ತಿದ್ದ. ಚೀಲ ಅರ್ಧ ಏರಿರುವಾಗ ಬಲಗೈ ತಾನಾಗಿ ಬಿಟ್ಟಿತು. ಈ ಸಲ ಅವನು ನೋಡಿದ. ತನ್ನದೇ ಕೈ, ಚೀಲದ ತಳದಿಂದ ಕಳಚಿಕೊಂಡು, ಬೆರಳು ಅಗಲಿಸಿಕೊಂಡು, ಗಾಳಿಯಲ್ಲಿ ಇತ್ತು. ಹೂಂ ಎಂಬ ಮಾತು ಬಾಯೊಳಗೇ ಇತ್ತು, ಹೊರಗೆ ಬಂದಿರಲಿಲ್ಲ. ಚೀಲ ವಾರೆಯಾಗಿ ಕೂತಿತು, ಅವತ್ತು ಕೂತಂತೆಯೇ. ಹನುಮೇಶನಿಗೆ ಮೂವತ್ತರ ಕಾಲು. ಒಂದು ಹೆಜ್ಜೆ ತೂರಾಡಿ ಭುಜ ಕೊಡವಿ ಚೀಲವನ್ನು ನೆಟ್ಟಗೆ ಮಾಡಿಕೊಂಡ. ಹಲಗೆ ಹತ್ತಿ ಲಾರಿಗೆ ಹಾಕಿ ಕೆಳಗಿಳಿದು ಬಂದು, ಕಿವಿಯ ವೈರು ತೆಗೆದು, ನಗುತ್ತ ಅಂದ:

"ಸಾರಿ ಕಾಕಾ. ನಾನ ವಾರೆ ನಿಂತಿದ್ದೆ."

ಆ ಆಳಿನ ಮುಖದಲ್ಲಿ ಕಪಟವಿರಲಿಲ್ಲ, ನಿಜವಾಗಿ ತನ್ನದೇ ತಪ್ಪೆಂದು ತಿಳಿದಿದ್ದ. ಅಷ್ಟು ಸುಲಭವಾಗಿ, ಬೆವರು ಒರೆಸಿಕೊಂಡಷ್ಟು ಸುಲಭವಾಗಿ, ಇನ್ನೊಬ್ಬನ ತಪ್ಪನ್ನು ಹೊತ್ತುಕೊಂಡು ನಿಂತಿದ್ದ. ಇಲ್ಲಿಯೂ ಗಾದಿಲಿಂಗಪ್ಪ ಸುಮ್ಮನಿದ್ದುಬಿಟ್ಟರೆ ಆಯಿತು. ಇರಲಿ ಬಿಡು ಅಂದರೆ ಆಯಿತು, ತಾನೇ ದೊಡ್ಡ ಮನಸ್ಸಿನವನಾಗುತ್ತಿದ್ದ. ಅವನಿಗೆ ತನ್ನ ಮೇಲೆ ಹೇಸಿಗೆ ಬಂತು.

"ಯಾತಕ್ಕ ಸಾರಿ ಅಂತೀಯೋ?" ಅಂದ. ದನಿ ದೊಡ್ಡದಾಯಿತು. "ನೀ ನೆಟ್ಟಗ ನಿಂತಿದ್ದಿ. ಯಾತಕ್ಕ ಅಂತಿ?"

ಹನುಮೇಶ ಕಕ್ಕಾಬಿಕ್ಕಿಯಾದ. "ಹಂಗ ಅಂದ್ನ್ಯಪ್ಪ, ಅದಕ್ಯಾಕ ಸಿಟ್ಟು?"

ಗದ್ದಲಕ್ಕೆ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದ ಲಿಂಗರಾಜ್ ಈ ಕಡೆ ತಿರುಗಿದ. ಇನ್ನುಳಿದ ಹಮಾಲರೂ ಕೆಲಸ ನಿಲ್ಲಿಸಿದರು. ಕಟ್ಟೆಯ ಮೇಲೆ ಹುಸೇನಪ್ಪ ಮಾತ್ರ ತಲೆ ಬಗ್ಗಿಸಿ ಹೊಲಿಯುತ್ತಲೇ ಇದ್ದ. ಗಾದಿಲಿಂಗಪ್ಪ ಅಂಗಳದ ನಡುವೆ ಬಂದು ನಿಂತ. ಏನು ಹೇಳಬೇಕೆಂದು ಜೋಡಿಸಿಕೊಂಡಿರಲಿಲ್ಲ, ಯಾರನ್ನು ನೋಡಿ ಹೇಳಬೇಕೆಂಬುದೂ ತಿಳಿಯದೆ ನೆಲ ನೋಡಿದ.

"ಸಾವ್ಕಾರ್ರ, ಅವತ್ತು ಹುಸೇನಪ್ಪನ ಕಾಲು ಜಾರಲಿಲ್ಲ. ನನ್ನ ಕೈ ಬಿಟ್ಟಿತು. ಹೂಂ ಅನ್ನಾಕ ಮೊದಲ ಬಿಟ್ಟಿತು. ಬಿಟ್ಟು, ಅವನ ಮ್ಯಾಲೆ ಹಾಕಿದೆ. ಮಳೆಗಾಲದಿಂದ ಈ ಕೈ ಸರಿ ಇಲ್ಲ. ನಾ ಹೇಳಿರಲಿಲ್ಲ. ಈಗ ಹನುಮೇಶಗೂ ಹಂಗ ಆತು."

ಲಿಂಗರಾಜ್ ಫೋನು ಜೇಬಿಗೆ ಹಾಕಿದ. ಅವನಿಗೂ ಗಲಿಬಿಲಿ. ಇಷ್ಟು ದಿನದ ಮೇಲೆ ಇದನ್ನು ಕಟ್ಟಿಕೊಂಡು ತಾನೇನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ.

"ಆತು ಬಿಡಪ್ಪ, ಹಳೇದು. ಈಗ ನೀನೂ ಎತ್ತಬ್ಯಾಡ ಹಂಗಾರ. ಹೊಲಿಯಾಕ ಕುಂದ್ರು ನೀನೂ. ಆಮ್ಯಾಲೆ ನೋಡೋಣು." ಹಾಗಾದರೆ ಹುಸೇನಪ್ಪ ಮತ್ತೆ ಹೊರಬೇಕೋ ಬೇಡವೋ ಎಂಬುದನ್ನು ಅವನು ಹೇಳಲಿಲ್ಲ. ಒಳಗೆ ಹೋದ. ಹನುಮೇಶ ಇನ್ನೊಬ್ಬನನ್ನು ಕರೆದುಕೊಂಡು ಲೋಡಿಗೆ ಹಿಂತಿರುಗಿದ. ನೋಡುತ್ತಿದ್ದವರು ಚದುರಿದರು. ಮೂವತ್ತೊಂದು ವರ್ಷದ ಹಮಾಲಿ ಎರಡು ನಿಮಿಷದಲ್ಲಿ ಮುಗಿಯಿತು.

ಗಾದಿಲಿಂಗಪ್ಪ ಕಟ್ಟೆಗೆ ಹೋಗಿ, ಹುಸೇನಪ್ಪನಿಂದ ಒಂದು ಮಾರು ಬಿಟ್ಟು ಕೂತ. ಇನ್ನು ತಾನು ಮಾತಾಡಬೇಕೋ, ಅವನು ಮಾತಾಡಬೇಕೋ ಎಂಬುದು ಗೊತ್ತಾಗಲಿಲ್ಲ. ಹಿರಿಯರಿದ್ದಿದ್ದರೆ ಮುಂದೆ ಏನೆಂದು ಅವರು ಹೇಳುತ್ತಿದ್ದರು. ಹುಸೇನಪ್ಪ ಹಿಡಿದಿದ್ದ ಚೀಲವನ್ನು ಕೊನೆಯವರೆಗೆ ಹೊಲಿದು, ಸುತಳಿ ಗಂಟು ಹಾಕಿ, ತುದಿಯನ್ನು ಹಲ್ಲಿನಲ್ಲಿ ಕಡಿದ.

"ನನಗ ಅವತ್ತ ಗೊತ್ತಿತ್ತು" ಅಂದ.

ಗಾದಿಲಿಂಗಪ್ಪ ತಿರುಗಿ ನೋಡಿದ.

"ಬೆನ್ನಿಗೆ ಗೊತ್ತಾಗ್ತೈತಿ. ಎಷ್ಟು ವರ್ಷದ ಕೈ ಅದು. ಎಡಗೈ ಇತ್ತು, ಬಲಗೈ ಇರಲಿಲ್ಲ."

"ಮತ್ತ ನೀನ್ಯಾಕ ಹೇಳಲಿಲ್ಲ ಸಾವ್ಕಾರ್ರ ಮುಂದ?"

"ಹೇಳಿದ್ರ ನಿನ್ನ ಕೆಲಸ ಹೋಗ್ತಿತ್ತು." ಹುಸೇನಪ್ಪ ಇನ್ನೊಂದು ಚೀಲವನ್ನು ಎಳೆದುಕೊಂಡ, ಹೊಲಿಯಲಿಲ್ಲ. "ನಾ ಹೇಳೋ ಮಾತಲ್ಲ ಅದು. ನೀ ಹೇಳಬೇಕಿತ್ತು. ಇಷ್ಟು ದಿನ ಕುಂತು ಅದನ್ನ ಕಾಯಾಕತ್ತಿದ್ದೆ. ನೀ ನೋಡಿದ್ರ ಬಂದು ಸಾರಿ ಅಂತ ಕೈ ಚಾಚ್ತಿ."

ತಾನು ಇವನನ್ನು ಕೆಲಸದಿಂದ ಕೆಳಗೆ ತಳ್ಳಿದ ಹೊತ್ತಿನಲ್ಲೇ ಇವನು ತನ್ನ ಕೆಲಸ ಕಾಯುತ್ತ ಬಾಯಿ ಮುಚ್ಚಿಕೊಂಡಿದ್ದನೆಂಬುದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ಗಾದಿಲಿಂಗಪ್ಪನಿಗೆ ತಿಳಿಯಲಿಲ್ಲ.

"ಈಗ ಸಿಟ್ಟು ಹೋತೇನು?" ಎಂದು ಕೇಳಿದ. ಕೇಳಿದ ಮೇಲೆ ಎಂಥ ಮಕ್ಕಳ ಪ್ರಶ್ನೆ ಎಂದು ನಾಲಿಗೆ ಕಚ್ಚಿಕೊಂಡ.

"ಇಲ್ಲ."

ಇಬ್ಬರೂ ಲಾರಿ ತುಂಬುವುದನ್ನು ನೋಡಿದರು. ಹನುಮೇಶ ಹಲಗೆ ಹತ್ತುತ್ತಿದ್ದ, ಇಳಿಯುತ್ತಿದ್ದ.

"ನಾಳೆ ಹೊಸಪೇಟೆಗೆ ಹೊಂಟೀನಿ" ಅಂದ ಹುಸೇನಪ್ಪ. "ಮೊಣಕಾಲು ತೋರ್ಸಾಕ. ಕಾಲು ನೆಟ್ಟಗಿದ್ದಿದ್ರ ನಿನ್ನ ಕೈ ಬಿಟ್ರೂ ನಾ ಬೀಳ್ತಿರಲಿಲ್ಲ ಅವತ್ತು. ಇದನ್ನ ಯಾರ ಮುಂದೂ ಅಂದಿಲ್ಲ, ನಮ್ಮ ಮನ್ಯಾಕಿ ಮುಂದೂ ಅಂದಿಲ್ಲ."

ಗಾದಿಲಿಂಗಪ್ಪನಿಗೆ ಎಲ್ಲ ಮತ್ತೆ ಕಲಸಿಹೋಯಿತು. ಹಾಗಾದರೆ ಕಾಲೋ, ಕೈಯೋ? ಈಗಷ್ಟೇ ಊರ ಮುಂದೆ ಹೇಳಿದ್ದು ಪೂರ್ತಿ ನಿಜವೋ, ಅರ್ಧವೋ? ಅವನು ಕೇಳಲು ಬಾಯಿ ತೆರೆದ. ಹುಸೇನಪ್ಪ ಬಿಡಲಿಲ್ಲ.

"ಏಳೂವರಿ ಬಸ್ಸಿಗೆ ನೀನೂ ಬಾ. ನಿನ್ನ ಕೈಯೂ ತೋರಿಸ್ಕೋ."

"ಸಿಟ್ಟು ಹೋಗಿಲ್ಲ ಅಂದ್ಯಲ್ಲ."

"ಹೋಗಿಲ್ಲ. ಸಿಟ್ಟಿಗೂ ಬಸ್ಸಿಗೂ ಏನು ಸಂಬಂಧ? ಇಲ್ಲಿ ಕೊಡು ಅದನ್ನ."

ಏನನ್ನು ಎಂದು ಗಾದಿಲಿಂಗಪ್ಪನಿಗೆ ಅರ್ಥವಾಗುವ ಮೊದಲೇ ಹುಸೇನಪ್ಪ ಸರಿದು ಬಂದು ಅವನ ಬಲಗೈಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಹೆಬ್ಬೆರಳಿನ ತುದಿಯನ್ನು ಗಟ್ಟಿಯಾಗಿ ಒತ್ತಿ, "ಇದು ಗೊತ್ತಾಗ್ತೈತೇನು?" ಎಂದು ಕೇಳಿದ. ಇಲ್ಲ ಅಂದ ಗಾದಿಲಿಂಗಪ್ಪ. "ಇದು?" ತೋರುಬೆರಳಿಗೂ ಇಲ್ಲ ಅಂದ. ಹುಸೇನಪ್ಪ ಹುಬ್ಬು ಗಂಟಿಕ್ಕಿಕೊಂಡು, ಬೈಯುವವನ ಹಾಗೆ, ನಡುಬೆರಳನ್ನು ಹಿಡಿದು ಒತ್ತಿದ. "ಇದರ ಗೊತ್ತಾಗ್ತೈತೋ ಇಲ್ಲೋ, ಹೇಳು." ಆ ಬೆರಳಿಗೆ ಗೊತ್ತಾಯಿತೋ ಇಲ್ಲವೋ ಗಾದಿಲಿಂಗಪ್ಪನಿಗೆ ಹೇಳಲು ಆಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವನು ಅಳುತ್ತಿದ್ದ.